ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್



ಮೂಗೂರಿನಿಂದ ಮೈಸೂರಿಗೆ ಹೋಗಿಬರುವವರಿಗೆ ಈ ಅನುಭವ ಹೊಸದಲ್ಲ. ತಿ. ನರಸೀಪುರ ದಾಟಿದ ಮೇಲೆ ಉಳಿಯುವುದು ಸುಮಾರು 30 ಕಿ.ಮೀ. ದಾರಿ. ಅದರಲ್ಲಿ ಬಹುಪಾಲನ್ನು ಬಸ್ಸು ಸಲೀಸಾಗಿ ಓಡುತ್ತದೆ. ನಗರದೊಳಗಿನ ಕೊನೆಯ ನಾಲ್ಕೈದು ಕಿ.ಮೀ. ಮಾತ್ರ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತದೆ. ಏಕೆ ಹೀಗೆ?

ಜನ ಜಾಸ್ತಿಯಾದರು ಎನ್ನುವುದು ಸುಲಭದ ಉತ್ತರ. ಅದು ಅರ್ಧ ಸತ್ಯ. ರಸ್ತೆ ತುಂಬುವುದು ಜನರಿಂದಲ್ಲ, ಒಬ್ಬೊಬ್ಬರು ಆಕ್ರಮಿಸುವ ಜಾಗದಿಂದ. ಒಂದು ಕಾರು ನಿಲ್ಲಲು ಸುಮಾರು 5 ಮೀಟರ್ ಉದ್ದ, 2.5 ಮೀಟರ್ ಅಗಲ ಬೇಕು, ಅಂದರೆ 12.5 ಚದರ ಮೀಟರ್. ಅಷ್ಟೇ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ದೇವರಾಜ ಅರಸು ರಸ್ತೆಯಲ್ಲಿ ಒಂದು ಸಂಜೆ ನಿಂತು ನೋಡಿ: ಎಷ್ಟೋ ಕಾರುಗಳಲ್ಲಿ ಇರುವುದು ಚಾಲಕ ಒಬ್ಬನೇ.

ಹಾಗಾದರೆ ರಸ್ತೆ ಅಗಲ ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಅಗಲವಾದ ರಸ್ತೆ ಕಂಡರೆ ಮನೆಯಲ್ಲಿಟ್ಟ ವಾಹನವೂ ಹೊರಬರುತ್ತದೆ, ಕೆಲವೇ ವರ್ಷಗಳಲ್ಲಿ ಅದೂ ತುಂಬುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಪ್ರೇರಿತ ಬೇಡಿಕೆ ಎನ್ನುತ್ತಾರೆ. ವಾಣಿಜ್ಯ ವಿಭಾಗದವರು ಈ ಪದವನ್ನು ನೋಟ್ಸಿನಲ್ಲಿ ಬರೆದುಕೊಳ್ಳಿ.

ಇದಕ್ಕೆ ಮೈಸೂರು ಒಂದು ಪ್ರಯತ್ನ ಮಾಡಿತು. 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ಜಾಗತಿಕ ಪರಿಸರ ನಿಧಿಯ ನೆರವೂ ಇದ್ದ ಈ ಯೋಜನೆಯಲ್ಲಿ ಮೊದಲಿಗೆ 450 ಸೈಕಲ್‌ಗಳು, 48 ನಿಲ್ದಾಣಗಳು ಇದ್ದವು. ಕಾರ್ಡ್ ಪಡೆದು ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದು, ಬೇಕಾದ ಇನ್ನೊಂದು ನಿಲ್ದಾಣದಲ್ಲಿ ಬಿಟ್ಟು ಹೋಗಬಹುದಿತ್ತು. ನಮ್ಮಂಥ ಊರಿನವರಿಗೆ ಇದರ ಲಾಭ ಎಲ್ಲಿದೆ? ಬಸ್ ಇಳಿದ ಮೇಲಿನ ಎರಡು ಮೂರು ಕಿ.ಮೀ.ಯಲ್ಲಿ. ಸಾಧಾರಣ ವೇಗದಲ್ಲಿ, ಗಂಟೆಗೆ 15 ಕಿ.ಮೀ. ತುಳಿದರೆ, 3 ಕಿ.ಮೀ.ಗೆ 12 ನಿಮಿಷ ಸಾಕು. ಆಟೋಕ್ಕೆ ಕಾಯುವ ಹೊತ್ತಿಗೆ ತಲುಪಿಬಿಟ್ಟಿರುತ್ತೀರಿ! ದೂರಕ್ಕೆ ಬಸ್ಸು, ಹತ್ತಿರಕ್ಕೆ ಸೈಕಲ್: ಸುಸ್ಥಿರ ಸಾರಿಗೆ ಎಂಬ ದೊಡ್ಡ ಮಾತಿನ ತಿರುಳು ಬಹುಮಟ್ಟಿಗೆ ಇಷ್ಟೇ.

ಆದರೆ ಸೈಕಲ್ ಕೊಟ್ಟರೆ ಸಾಲದು, ಅದು ಓಡಲು ದಾರಿಯೂ ಬೇಕು. ಮೈಸೂರಿನ ಬಹುತೇಕ ರಸ್ತೆಗಳಲ್ಲಿ ಇಂದಿಗೂ ಸೈಕಲ್ ಸವಾರ ಬಸ್ಸು, ಲಾರಿಗಳ ಪಕ್ಕದಲ್ಲೇ ಜೀವ ಹಿಡಿದುಕೊಂಡು ಹೋಗಬೇಕು. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಪ್ರತ್ಯೇಕ ಸೈಕಲ್ ಪಥ ಮಾಡಿದರು. ಸ್ವಲ್ಪ ದಿನಕ್ಕೇ ಅಲ್ಲಿ ಕಾರು, ಬೈಕುಗಳು ನಿಲ್ಲತೊಡಗಿದವು. ಬರೀ ಬಣ್ಣದ ಗೆರೆ ಯಾರನ್ನೂ ತಡೆಯುವುದಿಲ್ಲ.

ಈಗ ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ಕೂಡ ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ನೂರಾರು ಮಕ್ಕಳು. ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದರು. 1973ರ ತೈಲ ಬಿಕ್ಕಟ್ಟೂ ಸೇರಿಕೊಂಡಿತು. ಆ ಬಳಿಕವೇ ಅಲ್ಲಿನ ಸರ್ಕಾರ ಬೇರೆ ಪಥಗಳನ್ನು ಕಟ್ಟುವುದರತ್ತ ಗಂಭೀರವಾಗಿ ತಿರುಗಿತು.

ಇನ್ನು ನಮ್ಮ ವಿಷಯ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತ್ತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದದ್ದು ಅದರ ಮೇಲೆಯೇ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಸೈಕಲ್ ಇದ್ದವರೂ ಪಿಯುಸಿಗೆ ಬಂದ ಕೂಡಲೇ ಅದನ್ನು ಮೂಲೆಗಿಡುತ್ತಾರೆ, ತುಳಿದುಕೊಂಡು ಬಂದರೆ ಗೆಳೆಯರ ಮುಂದೆ ಮರ್ಯಾದೆ ಕಡಿಮೆ ಎಂಬ ಭಾವನೆ. ನಾನೂ ಆ ವಯಸ್ಸಿನಲ್ಲಿ ಹಾಗೇ ಮಾಡಿದವನು, ಆದ್ದರಿಂದ ಬೈಯುವ ಹಕ್ಕು ನನಗಿಲ್ಲ. ಆದರೆ 18 ತುಂಬದೆ ಅಣ್ಣನ ಬೈಕ್ ತರುವವರು ಒಂದು ತಿಳಿದಿರಲಿ: 2019ರ ತಿದ್ದುಪಡಿಯ ಪ್ರಕಾರ ಸಿಕ್ಕಿಬಿದ್ದರೆ ಪೋಷಕರಿಗೋ ವಾಹನದ ಮಾಲೀಕರಿಗೋ 25,000 ರೂ. ದಂಡ, ಜೈಲೂ ಆಗಬಹುದು.

ಮುಂದಿನ ವಾರಕ್ಕೆ ಒಂದು ಚಿಕ್ಕ ಕೆಲಸ. ಬೆಳಿಗ್ಗೆ 9ರಿಂದ 9.30ರವರೆಗೆ ಇಬ್ಬಿಬ್ಬರು ಕಾಲೇಜು ಗೇಟಿನ ಬಳಿ ನಿಂತು ನಡೆದು ಬಂದವರು, ಸೈಕಲ್, ಬೈಕ್, ಆಟೋ, ಬಸ್ಸಿನಲ್ಲಿ ಬಂದವರು ಎಷ್ಟೆಷ್ಟು ಎಂದು ಎಣಿಸಿ. ಬೈಕಿನಲ್ಲಿ ಬಂದವರ ಮನೆ 3 ಕಿ.ಮೀ. ಒಳಗಿದೆಯೇ ಎಂದೂ ಕೇಳಿ ಬರೆದುಕೊಳ್ಳಿ. ಅಧ್ಯಾಪಕರ ವಾಹನಗಳನ್ನೂ ಬಿಡಬೇಡಿ.