ರ‍್ಯಾಂಕಿಂಗ್ ಆಮೇಲೆ, ಮೊದಲು ಊರು ನೋಡಿ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನ ಕಂಪನಿಯೊಂದರಲ್ಲಿ ಫಂಡ್ ಅಕೌಂಟಿಂಗ್ ಕೆಲಸ ಮಾಡುತ್ತಿದ್ದೇನೆ. ಯುರೋಪಿನಲ್ಲಿ ಫೈನಾನ್ಸ್ ಮಾಸ್ಟರ್ಸ್ ಮಾಡಿ ಅಲ್ಲೇ ಕೆಲಸಕ್ಕೆ ಸೇರುವ ಆಸೆ. ಪ್ಯಾರಿಸ್ಸಿನ ಹೆಸರಾಂತ ಬಿಸಿನೆಸ್ ಸ್ಕೂಲೊಂದರಲ್ಲಿ ಒಂದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿದೆ. ಎಲ್ಲ ಸೇರಿ 45 ಲಕ್ಷ ಬೇಕು. ಕನ್ಸಲ್ಟೆನ್ಸಿಯವರು ಬರ್ಲಿನ್ನಿನ ಒಂದು ಖಾಸಗಿ ಕಾಲೇಜು ಅಗ್ಗ ಅನ್ನುತ್ತಾರೆ. ಅಪ್ಪ ಅಡಿಕೆ ತೋಟ ಅಡ ಇಡಲು ತಯಾರಾಗಿದ್ದಾರೆ, ಅಮ್ಮನಿಗೆ ನಿದ್ದೆಯಿಲ್ಲ. ರ‍್ಯಾಂಕಿಂಗ್ ನಂಬಿ ಪ್ಯಾರಿಸ್ಸಿಗೆ ಹೋಗಲೇ?

ಉತ್ತರ: ತೋಟದ ಕಾಗದಪತ್ರ ಸದ್ಯಕ್ಕೆ ಮನೆಯಲ್ಲೇ ಇರಲಿ. ನಿಮ್ಮ ಪತ್ರದಲ್ಲಿ ಕಾಲೇಜಿದೆ, ಶುಲ್ಕವಿದೆ, ರ‍್ಯಾಂಕಿದೆ. ಯಾವ ಕೆಲಸ ಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ, ಯಾಕೆಂದರೆ ಯುರೋಪಿನಲ್ಲಿ ಫೈನಾನ್ಸಿನ ಒಂದೊಂದು ಕಸುಬು ಒಂದೊಂದು ಊರಿನಲ್ಲಿ ಬೇರು ಬಿಟ್ಟಿದೆ. ಫ್ರಾಂಕ್‌ಫರ್ಟಿನಲ್ಲಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿದೆ. 2014ರಿಂದ ಯುರೋ ವಲಯದ ದೊಡ್ಡ ಬ್ಯಾಂಕುಗಳ ಉಸ್ತುವಾರಿಯೂ ಅದರದ್ದೇ, ಹಾಗಾಗಿ ರಿಸ್ಕ್ ಮತ್ತು ನಿಯಂತ್ರಣದ ಕೆಲಸಗಳು ಅಲ್ಲಿ ಬಹಳ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆಪ್ಟಿವರ್, ಐಎಂಸಿ, ಫ್ಲೋ ಟ್ರೇಡರ್ಸ್‌ನಂಥ ಟ್ರೇಡಿಂಗ್ ಕಂಪನಿಗಳಿವೆ. ಅವರು ಹುಡುಕುವುದು ಗಣಿತದಲ್ಲಿ ಗಟ್ಟಿ ಇರುವವರನ್ನು. ಬ್ರೆಕ್ಸಿಟ್ ಕಾರಣಕ್ಕೆ ಯುರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರ ಲಂಡನ್ ಬಿಟ್ಟು ಪ್ಯಾರಿಸ್ಸಿಗೆ ಬಂತು, ಅದರ ಹಿಂದೆಯೇ ಹಲವು ಬ್ಯಾಂಕುಗಳ ಟ್ರೇಡಿಂಗ್ ತಂಡಗಳೂ ಬಂದವು.

ಈಗ ನಿಮ್ಮ ಕೈಯಲ್ಲಿರುವ ಕೆಲಸ ನೋಡಿ. ಮೂರು ವರ್ಷ ಫಂಡುಗಳ ಎನ್‌ಎವಿ (ನಿವ್ವಳ ಆಸ್ತಿ ಮೌಲ್ಯ) ಲೆಕ್ಕ ಹಾಕಿದ್ದೀರಿ. ಬೆಂಗಳೂರಿನಲ್ಲಿ ಹಾಗೆ ಲೆಕ್ಕ ಹಾಕಿಸಿಕೊಳ್ಳುವ ಫಂಡುಗಳಲ್ಲಿ ಬಹಳಷ್ಟು ನೋಂದಣಿಯಾಗಿರುವುದು ಲಕ್ಸೆಂಬರ್ಗ್ ಮತ್ತು ಡಬ್ಲಿನ್ನಿನಲ್ಲಿ. ನಿಮ್ಮ ಫೈಲುಗಳ ಮೇಲೂ ಆ ಹೆಸರುಗಳನ್ನು ಕಂಡಿರಬಹುದು. ಅಮೆರಿಕ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಫಂಡ್ ಕೇಂದ್ರ ಲಕ್ಸೆಂಬರ್ಗ್, ಅಲ್ಲಿನ ಫಂಡುಗಳ ಒಟ್ಟು ಆಸ್ತಿ 5 ಲಕ್ಷ ಕೋಟಿ ಯುರೋ ದಾಟಿದೆ. ಪ್ಯಾರಿಸ್ಸಿನ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಸಂದರ್ಶನದಲ್ಲಿ ನಿಮ್ಮ ಮೂರು ವರ್ಷವನ್ನು ಬ್ಯಾಕ್ ಆಫೀಸ್ ಎಂದು ಬದಿಗಿಟ್ಟಾರು. ಲಕ್ಸೆಂಬರ್ಗಿನ ಫಂಡ್ ಕಂಪನಿಯಲ್ಲಿ ಅದೇ ಮೂರು ವರ್ಷಕ್ಕೆ ಬೆಲೆ ಇದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ 2003ರಲ್ಲಿ ಶುರುವಾದದ್ದು, ನಮ್ಮಲ್ಲಿ ಹೆಸರು ಕೇಳಿದವರು ಕಡಿಮೆ, ಶುಲ್ಕ ಪ್ಯಾರಿಸ್ಸಿನ ಶಾಲೆಗಿಂತ ತೀರಾ ಕಡಿಮೆ. ಬಾಡಿಗೆ ಮಾತ್ರ ವಿಪರೀತ. ಡಬ್ಲಿನ್ನಿನಲ್ಲಿ ಶುಲ್ಕವೂ ಬಾಡಿಗೆಯೂ ಜಾಸ್ತಿ. ಆದರೆ ಅಲ್ಲಿ ವ್ಯವಹಾರವೆಲ್ಲ ಇಂಗ್ಲಿಷ್, ಮಾಸ್ಟರ್ಸ್ ಮುಗಿಸಿದವರಿಗೆ ಎರಡು ವರ್ಷದವರೆಗೆ ಉಳಿದು ದುಡಿಯಲು ಅವಕಾಶವಿದೆ. ನಿಮ್ಮ ಪಟ್ಟಿಯಲ್ಲಿ ಈ ಎರಡೂ ಊರು ಇಲ್ಲದ್ದು ನನಗೆ ಆಶ್ಚರ್ಯ.

ರ‍್ಯಾಂಕಿಂಗ್ ಸುಳ್ಳಲ್ಲ. ಅದರೊಳಗೆ ಏನಿದೆ ಅಂತ ಬಿಡಿಸಿ ನೋಡಬೇಕು. ಫೈನಾನ್ಷಿಯಲ್ ಟೈಮ್ಸ್ ಪಟ್ಟಿಯಲ್ಲಿ ಕೋರ್ಸ್ ಮುಗಿದು ಮೂರು ವರ್ಷವಾದ ಮೇಲಿನ ಸಂಬಳಕ್ಕೆ ದೊಡ್ಡ ತೂಕವಿದೆ. ಆ ಸಂಬಳವನ್ನು ಆಯಾ ದೇಶದ ಬೆಲೆಮಟ್ಟಕ್ಕೆ ಹೊಂದಿಸಿ ಡಾಲರಿಗೆ ತಿರುಗಿಸುತ್ತಾರೆ. ಅಂದರೆ ಭಾರತಕ್ಕೆ ಮರಳಿ ಒಳ್ಳೆಯ ಸಂಬಳ ಪಡೆದವರ ಸಂಬಳ ಪಟ್ಟಿಯಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹೊರಗಿನಿಂದ ಬಂದು, ಸ್ಥಳೀಯ ಭಾಷೆಯಿಲ್ಲದೆ ಅಲ್ಲೇ ಕೆಲಸ ಹಿಡಿದವರು ಎಷ್ಟು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಶಾಲೆಗೇ ಬರೆದು ಕೇಳಿ: ಯುರೋಪಿಯನ್ ಪೌರತ್ವ ಇಲ್ಲದವರ ಪ್ಲೇಸ್‌ಮೆಂಟ್ ಲೆಕ್ಕವನ್ನು ಬೇರೆಯಾಗಿ ಕೊಡಿ ಅಂತ. ಕೊಡದಿದ್ದರೆ ಅದನ್ನೇ ಉತ್ತರ ಅಂದುಕೊಳ್ಳಿ. ಲಿಂಕ್ಡ್‌ಇನ್‌ನಲ್ಲಿ ಆ ಕೋರ್ಸ್ ಮಾಡಿದ ಭಾರತೀಯರನ್ನು ಹುಡುಕಿ, ಈಗ ಎಲ್ಲಿದ್ದಾರೆ ನೋಡಿ, ಮಾತಾಡಿಸಿ.

ಒಂದು ವರ್ಷದ ಕೋರ್ಸಿಗೆ ಇನ್ನೊಂದು ಕಷ್ಟವಿದೆ. ದೊಡ್ಡ ಬ್ಯಾಂಕುಗಳು ಮುಂದಿನ ವರ್ಷದ ನೇಮಕಾತಿಗೆ ಹಿಂದಿನ ಆಗಸ್ಟ್‌–ಅಕ್ಟೋಬರ್ ಸುಮಾರಿಗೇ ಅರ್ಜಿ ತೆಗೆದುಕೊಳ್ಳುತ್ತವೆ. ಸೆಪ್ಟೆಂಬರ್‌ನಲ್ಲಿ ವಿಮಾನ ಇಳಿದು, ಮನೆ ಹುಡುಕಿ, ಬ್ಯಾಂಕ್ ಖಾತೆ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಇಂಟರ್ನ್‌ಶಿಪ್ ಮಾಡದವರಿಗೆ ಕಾಯಂ ಕೆಲಸ ಸಿಗುವುದು ಇನ್ನೂ ಕಷ್ಟ. ಎರಡು ವರ್ಷದ ಕೋರ್ಸಿನಲ್ಲಿ ಒಂದು ಬೇಸಿಗೆ ಕೈಗೆ ಸಿಗುತ್ತದೆ, ತಪ್ಪು ತಿದ್ದಿಕೊಳ್ಳಲು ಸಮಯವೂ ಇರುತ್ತದೆ.

ಹಾಗಾಗಿ ಮಾಸ್ಟರ್ಸ್ ಸಾಮಾನ್ಯವಾಗಿ ಎರಡು ವರ್ಷವಿರುವ ಜರ್ಮನಿಯನ್ನೂ ಪಟ್ಟಿಗೆ ಸೇರಿಸಿ. ಆದರೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳನ್ನು. ಫ್ರಾಂಕ್‌ಫರ್ಟಿನ ಗೋಥೆ ವಿಶ್ವವಿದ್ಯಾಲಯದಂಥ ಕಡೆ ಸಾಮಾನ್ಯ ಮಾಸ್ಟರ್ಸ್‌ಗೆ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಕೆಲವು ನೂರು ಯುರೋ ವಂತಿಗೆ ಅಷ್ಟೆ. ಮ್ಯಾನ್‌ಹೈಮ್ ವಿಶ್ವವಿದ್ಯಾಲಯ ಇರುವ ರಾಜ್ಯದಲ್ಲಿ ಹೊರದೇಶದವರು ಸೆಮಿಸ್ಟರಿಗೆ 1,500 ಯುರೋ ಕಟ್ಟಬೇಕು. ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು, 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯುರೋ ಆಯಿತು. ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ನಿಮಗೇ ಬರುತ್ತದೆ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ತೊಡಕಿರುವುದು ಪ್ರವೇಶದಲ್ಲಿ. ಬಿ.ಕಾಂ.ನಲ್ಲಿ ಓದಿದ ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರದ ಕ್ರೆಡಿಟ್‌ಗಳನ್ನು ಅವರು ಒಂದೊಂದಾಗಿ ಎಣಿಸುತ್ತಾರೆ. ನಿಮ್ಮ ವಿಶ್ವವಿದ್ಯಾಲಯದಿಂದ ಪಠ್ಯಕ್ರಮದ ಮುದ್ರೆ ಹಾಕಿದ ಪ್ರತಿ ತರಿಸಿಟ್ಟುಕೊಳ್ಳಿ, ಪದವಿ ಪತ್ರಗಳು ಅಸಲಿ ಎಂದು ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ಬೇಗ ಅರ್ಜಿ ಹಾಕಿ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಆಫೀಸಿನ ಮಾತು ಜರ್ಮನ್. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಈಗಲೇ ಸೇರಿ, ಬಿ1 ಹಂತ ಮುಗಿಸಿಕೊಂಡೇ ವಿಮಾನ ಹತ್ತಿ.

ಇದನ್ನೆಲ್ಲ ಕನ್ಸಲ್ಟೆನ್ಸಿಯವರು ಯಾಕೆ ಹೇಳಲಿಲ್ಲ? ಖಾಸಗಿ ಕಾಲೇಜುಗಳು ವಿದ್ಯಾರ್ಥಿಗೆ ಇಷ್ಟು ಅಂತ ಕಮಿಷನ್ ಕೊಡುವುದುಂಟು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಸಾಮಾನ್ಯವಾಗಿ ಅಂಥದ್ದೇನೂ ಸಿಗುವುದಿಲ್ಲ. ಆ ಬರ್ಲಿನ್ ಕಾಲೇಜಿನ ಮಾತು ಅಲ್ಲಿಗೇ ಬಿಡಿ.

ಸಾಲದ ವಿಷಯ ಅಪ್ಪನೂ ಓದಲಿ. 45 ಲಕ್ಷಕ್ಕೆ ಶೇ. 10 ಬಡ್ಡಿ ಹಿಡಿದರೂ ವರ್ಷಕ್ಕೆ 4.5 ಲಕ್ಷ ಬಡ್ಡಿಯೇ ಆಯಿತು. ಒತ್ತೆ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ ಶಿಕ್ಷಣ ಸಾಲಕ್ಕೆ ತೋಟವನ್ನು ಒತ್ತೆ ಇಟ್ಟುಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಕೊನೆಗೆ ಹೆಚ್ಚು ಬಡ್ಡಿಯ ಖಾಸಗಿ ಸಾಲಕ್ಕೆ ಇಳಿಯಬೇಕಾಗುತ್ತದೆ. ಎಲೆಚುಕ್ಕಿ ರೋಗ, ಕೊಳೆರೋಗದ ನಡುವೆ ತೋಟದ ಆದಾಯ ನಂಬಿ ಕಂತು ಕಟ್ಟುವುದು ಹೇಗೆ ಅಂತ ನಿಮ್ಮ ಮನೆಯವರಿಗೆ ನಾನು ಹೇಳಬೇಕಿಲ್ಲ. ನನ್ನ ಲೆಕ್ಕ ಇಷ್ಟೆ: ಅಲ್ಲಿ ಕೆಲಸ ಸಿಗದೆ ವಾಪಸ್ ಬಂದರೂ ಬೆಂಗಳೂರಿನ ಸಂಬಳದಲ್ಲಿ ನೀವೊಬ್ಬರೇ ತೀರಿಸಬಲ್ಲಷ್ಟು ಸಾಲ ಮಾಡಿ. ಪ್ಯಾರಿಸ್ ಆ ಗೆರೆ ದಾಟುತ್ತದೆ.

ಸೀಟನ್ನು ಹಾಗೇ ಕೈಬಿಡಬೇಡಿ. ಒಂದು ವರ್ಷ ಮುಂದೂಡಲು ಸಾಧ್ಯವೇ, ಸ್ಕಾಲರ್‌ಶಿಪ್ ಇದೆಯೇ ಅಂತ ಈ ವಾರವೇ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ, ಅಲ್ಲಿಯವರೆಗೆ ಮುಂಗಡ ಕಟ್ಟಬೇಡಿ. ಆ ವರ್ಷದಲ್ಲಿ ಕೆಲಸ ಬಿಡದೆ ಭಾಷೆ ಕಲಿಯಿರಿ, ಸಿಎಫ್‌ಎ ಮೊದಲ ಹಂತ ಬರೆಯಿರಿ, ಲಕ್ಸೆಂಬರ್ಗ್, ಡಬ್ಲಿನ್, ಫ್ರಾಂಕ್‌ಫರ್ಟ್ ಮೂರಕ್ಕೂ ಅರ್ಜಿ ಹಾಕಿ. ನಿಮ್ಮ ಕಂಪನಿಗೆ ಲಕ್ಸೆಂಬರ್ಗ್ ಅಥವಾ ಡಬ್ಲಿನ್ನಿನಲ್ಲಿ ಆಫೀಸಿದ್ದರೆ, ಅಲ್ಲಿಗೆ ವರ್ಗ ಮಾಡಿಕೊಡುತ್ತಾರೆಯೇ ಎಂದು ಮ್ಯಾನೇಜರ್ ಹತ್ತಿರ ಇವತ್ತೇ ಕೇಳಿ.