ಕತ್ತಿಯ ಬೆಲೆ, ಕತ್ತಿಯ ಖರ್ಚು

ಸುಳ್ಯ ತಾಲೂಕಿನ ಮಂಡೆಕೋಲಿನ ಕಡೆಯ ಒಂದು ತೋಟದ ಮನೆಯ ವರ್ಷದ ಖರ್ಚುಪಟ್ಟಿ ಬರೆಯಲು ಕೂತರೆ ಗೊಬ್ಬರ, ಮೈಲುತುತ್ತು, ಕೂಲಿ, ಪಂಪಿನ ರಿಪೇರಿ ಎಂದು ಒಂದೊಂದಕ್ಕೂ ಒಂದು ಸಾಲು ಸಿಗುತ್ತದೆ. ಕತ್ತಿ, ಹಾರೆ, ಪಿಕ್ಕಾಸಿಗೆ ಮಾತ್ರ ಸಾಲು ಇರುವುದಿಲ್ಲ; ಅವು ‘ಇತರೆ’ಯಲ್ಲಿ ಕರಗಿಹೋಗುತ್ತವೆ. ಲೆಕ್ಕದಲ್ಲಿ ಕಾಣದಷ್ಟು ಸಣ್ಣ ವಸ್ತುವಿಗೆ ಈ ಅಂಕಣವನ್ನು ಮೀಸಲಿಡುತ್ತಿರುವುದಕ್ಕೆ ಕಾರಣವಿದೆ. ನಾವು ಕತ್ತಿಯ ಬೆಲೆ ನೋಡುತ್ತೇವೆ, ಕತ್ತಿಯ ಖರ್ಚು ನೋಡುವುದಿಲ್ಲ. ಅಂಗಡಿಯಲ್ಲಿ ಎಣಿಸಿ ಕೊಡುವ ದುಡ್ಡು ಬೆಲೆ. ಆ ಕತ್ತಿ ಹಿಡಿದ ಕೈಗೆ ಕೊಡುವ ದಿನಗೂಲಿಯಲ್ಲಿ ಅದು ಎಷ್ಟನ್ನು ನುಂಗುತ್ತದೆಯೋ ಅದು ಖರ್ಚು. ಹತ್ಯಾರುಗಳು ಮೊದಲಿನಂತಿಲ್ಲ, ಹೊರದೇಶದ ಮಾಲು ಬಂದು ಎಲ್ಲ ಹಾಳಾಯಿತು ಎಂಬ ದೂರು ಈಗ ಸಾಮಾನ್ಯ. ದೂರು ನಿಜ. ಅದಕ್ಕೆ ಹೇಳುವ ಕಾರಣ ಅರ್ಧ ಮಾತ್ರ ನಿಜ, ಮತ್ತು ಆ ಅರ್ಧವನ್ನೇ ನಂಬಿದರೆ ಕೈಯಿಂದ ಹಣ ಸೋರುವುದು ನಿಲ್ಲುವುದಿಲ್ಲ.

ಊರಿನ ಆಚಾರಿ ಕತ್ತಿ ಮಾಡಲು ಹೆಚ್ಚಾಗಿ ಆರಿಸಿಕೊಳ್ಳುವುದು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟು. ಆ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6ರ ಆಸುಪಾಸು ಇರುತ್ತದೆ. ಕೆಂಪಗೆ ಕಾಯಿಸಿ ಅದ್ದಿದರೆ ಗಡುಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಗಂಟುಮರಕ್ಕೆ ತಾಗಿದೊಡನೆ ಬಾಯಿ ಚೂರುಚೂರಾಗಿ ಹಾರುತ್ತದೆ. ಹಾಗಾಗಿ ಇನ್ನೊಮ್ಮೆ, ಈ ಸಲ ಮೆಲ್ಲಗೆ, ಕಾಯಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಬಾಯಿಯ ಮೇಲೆ ಬಣ್ಣ ಓಡುವುದು ಆಗ: 220 ಡಿಗ್ರಿಯ ಹೊತ್ತಿಗೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಯಾವ ಬಣ್ಣಕ್ಕೆ ನಿಲ್ಲಿಸಬೇಕೆಂಬ ತಿಳಿವಳಿಕೆಗೇ ಹದ ಎಂದು ಹೆಸರು. ಅಂಗಡಿಯ ಅಗ್ಗದ ಕತ್ತಿ ಬಹಳ ಸಲ ಮೆದು ಉಕ್ಕಿನದು, ಇಂಗಾಲ ಶೇ. 0.25ಕ್ಕಿಂತ ಕಡಿಮೆ, ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಹೇಳಿಕೊಳ್ಳುವಷ್ಟು ಗಡುಸು ಬರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗದು, ಏಕೆಂದರೆ ಸಾಣೆಯ ಹೊಳಪು ಎರಡಕ್ಕೂ ಒಂದೇ. ಗೊತ್ತಾಗುವುದು ಅರ ಹಿಡಿದಾಗ. ಹದವಾದ ಬಾಯಿಯ ಮೇಲೆ ಅರ ಜಾರುತ್ತದೆ, ಸಣ್ಣ ಕೀಚಲು ಸದ್ದು ಬರುತ್ತದೆ, ಪುಡಿ ಬೀಳುವುದು ಅಪರೂಪ. ಮೆದು ಕಬ್ಬಿಣದಲ್ಲಿ ಅರ ಕಚ್ಚಿಕೊಂಡು ಹೋಗಿ ಹೊಳೆಯುವ ಪುಡಿ ಉದುರುತ್ತದೆ. ಎರಡು ರೂಪಾಯಿಯ ಶ್ರಮದ ಈ ಪರೀಕ್ಷೆಯನ್ನು ಅಂಗಡಿಯ ಕಟ್ಟೆಯ ಮೇಲೆಯೇ ಮಾಡಬಹುದು, ಮಾಡಲು ಬಿಡಿ ಎಂದು ಕೇಳಲು ನಾಚಿಕೆ ಬೇಕಿಲ್ಲ.

ಈಗ ಲೆಕ್ಕ. 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ತೋಟದ ಕೂಲಿ ಅದಕ್ಕಿಂತ ಮೇಲೆಯೇ ಇದೆ, ಆದರೂ ಕಡಿಮೆಯನ್ನೇ ಹಿಡಿಯೋಣ. ಎಂಟು ಗಂಟೆ ಕಾಡು ಸವರುವವನಿಗೆ ಮೊಂಡಾಗುವ ಕತ್ತಿಯಿಂದಾಗಿ ಮಸೆಯುವುದರಲ್ಲಿ, ಒಂದೇ ಪೊದೆಗೆ ಎರಡೆರಡು ಏಟು ಹಾಕುವುದರಲ್ಲಿ ದಿನಕ್ಕೆ ಅರ್ಧ ಗಂಟೆ ಹೋದರೆ ಅದು ಕೂಲಿಯ ಹದಿನಾರನೆಯ ಒಂದು ಭಾಗ, ಅಂದರೆ 23 ರೂಪಾಯಿ. ನೂರು ದಿನಕ್ಕೆ 2,300. ಒಳ್ಳೆಯ ಕತ್ತಿಗೂ ಅಗ್ಗದ ಕತ್ತಿಗೂ ಇರುವ ಅಂತರ ಕೆಲವು ನೂರು ರೂಪಾಯಿ. ಕೈಯಲ್ಲಿ ಬಳಸುವ ಕೃಷಿ ಹತ್ಯಾರಿಗೆ ಜಿಎಸ್‌ಟಿಯೂ ಇಲ್ಲ. ಆ ಅಂತರದಲ್ಲಿ ಸರಕಾರದ ಪಾಲಿಲ್ಲ, ಉಕ್ಕು ಮತ್ತು ಕೆಲಸದ ಪಾಲೇ ಹೆಚ್ಚು. ರಬ್ಬರಿನಲ್ಲಿ ಇದು ಇನ್ನೂ ದುಬಾರಿ. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮ ರಬ್ಬರ್ ತೋಟ ಎಬ್ಬಿಸಿದ್ದು 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಡಲು. ಆ ಬದುಕು ನಿಂತಿರುವುದು ಟ್ಯಾಪಿಂಗ್ ಕತ್ತಿಯ ಒಂದಿಂಚಿನ ಬಾಯಿಯ ಮೇಲೆ. ತೊಗಟೆಯನ್ನು ಕೆತ್ತುತ್ತಾ ಒಳಗಿನ ಜೀವಪದರಕ್ಕೆ ಸುಮಾರು ಒಂದು ಮಿಲಿಮೀಟರ್ ಉಳಿಸಿ ನಿಲ್ಲಬೇಕು. ಹರಿತ ಕತ್ತಿ ಅಲ್ಲಿ ನಿಲ್ಲುತ್ತದೆ. ಮೊಂಡು ಕತ್ತಿಗೆ ಒತ್ತಡ ಜಾಸ್ತಿ ಬೇಕು, ಒತ್ತಿದಾಗ ಜಾರಿ ಮರಕ್ಕೆ ತಾಗುತ್ತದೆ. ಗಾಯವಾದ ಜಾಗದಲ್ಲಿ ಹೊಸ ತೊಗಟೆ ಗಂಟುಗಂಟಾಗಿ ಬೆಳೆಯುತ್ತದೆ, ಮುಂದಿನ ಸುತ್ತಿನಲ್ಲಿ ಅಲ್ಲಿ ಸರಿಯಾಗಿ ಕೆತ್ತಲಾಗುವುದಿಲ್ಲ. ಹಾಲು ಬರಲು ಏಳು ವರ್ಷ ಕಾದು ಸಾಕಿದ ಮರ ಅದು. ಇಲ್ಲಿ ಕೆಟ್ಟ ಕತ್ತಿ ತಿನ್ನುವುದು ಕೂಲಿಯನ್ನಲ್ಲ, ಬಂಡವಾಳವನ್ನೇ.

ಹಾಗಾದರೆ ತಪ್ಪು ಹೊರದೇಶದ್ದೇ? ಜಗತ್ತಿನ ಅನುಭವ ಹಾಗೆ ಹೇಳುವುದಿಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1826ರಲ್ಲಿ ಶುರುವಾದ ಕಾಲಿನ್ಸ್ ಕಂಪೆನಿಯ ಕತ್ತಿಗಳು ಲ್ಯಾಟಿನ್ ಅಮೆರಿಕದ ತೋಟಗಳಲ್ಲಿ ಮನೆಮಾತಾಗಿದ್ದವು. 1966ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಅದೇ ದೇಶದ ಕ್ರಾಫ್ಟ್ಸ್‌ಮನ್ ಎಂಬ ಹೆಸರನ್ನು 2017ರಲ್ಲಿ ಕೊಂಡ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್, ತಯಾರಿಕೆಯನ್ನು ಮನೆಗೆ ತರುತ್ತೇವೆಂದು ಟೆಕ್ಸಸ್‌ನಲ್ಲಿ ಕಾರ್ಖಾನೆ ಕಟ್ಟಿ, 2023ರಲ್ಲಿ ಅದನ್ನೂ ಮುಚ್ಚುವುದಾಗಿ ಹೇಳಿತು. ಇದನ್ನು ಓದಿ ಅಮೆರಿಕದವರು ದುಃಖಪಡುವುದು ಸಹಜ. ಆದರೆ ನಮ್ಮ ಕಡೆಯಿಂದ ನೋಡಿ. ನಾಸಿಕದ ಟಪಾರಿಯಾ ಕಂಪೆನಿ ಸ್ವೀಡನ್ನಿನ ತಂತ್ರಜ್ಞಾನ ತಂದುಕೊಂಡು ಹತ್ಯಾರು ಮಾಡಲು ನಿಂತಿತು. ಸ್ವೀಡನ್ನಿನವರ ಕಣ್ಣಿಗೆ ಅದೂ ಹೊರದೇಶಕ್ಕೆ ಹೋದ ತಯಾರಿಕೆಯೇ. ಆದರೂ ನಮ್ಮ ಎಲೆಕ್ಟ್ರಿಶಿಯನ್‌ಗಳು ಕಟ್ಟಿಂಗ್ ಪ್ಲೇಯರ್ ಎಂದರೆ ಆ ಹೆಸರನ್ನು ಹೇಳಿ ಕೇಳುತ್ತಾರೆ. ಟಾಟಾ ಆಗ್ರಿಕೊ 1925ರಿಂದ ಹಾರೆ, ಪಿಕ್ಕಾಸು ಮಾರುತ್ತಿದೆ. ಮಂಡೆಕೋಲಿನ ಕುಲುಮೆಗೆ ಜಮ್‌ಶೆಡ್‌ಪುರ ಕೂಡ ಪರದೇಶದಷ್ಟೇ ದೂರ. ದೂರ ತಾನಾಗಿ ಉಕ್ಕನ್ನು ಕೆಡಿಸುವುದಿಲ್ಲ. ಕೆಡಿಸುವುದು ‘ಇಷ್ಟು ರೂಪಾಯಿಗೆ ಬೇಕು, ನೋಡಲು ಹೀಗಿರಲಿ’ ಎಂಬ ಆರ್ಡರು. ಕುಲುಮೆಯಲ್ಲಿ ಅಂಥ ಆರ್ಡರು ಕೊಡಲು ಸಾಧ್ಯವಿರಲಿಲ್ಲ, ಏಕೆಂದರೆ ಮಾಡಿದವನೂ ಬಳಸಿದವನೂ ಒಂದೇ ಜಾತ್ರೆಯಲ್ಲಿ ಎದುರಾಗುವವರು. ಬಾಯಿ ಮಡಚಿದರೆ ಕತ್ತಿ ಮರುದಿನ ಅವನ ಅಂಗಳದಲ್ಲೇ ಇರುತ್ತಿತ್ತು. ನಾವು ಕಳೆದುಕೊಂಡದ್ದು ಆ ಹೊಣೆ. ಪೊಟ್ಟಣದ ಮಾಲಿಗಾದರೆ ಯಾವ ದೇಶದ್ದೆಂದು ಬರೆಯುವ ನಿಯಮವಿದೆ. ರಾಶಿಯಿಂದ ಎತ್ತಿ ಕೊಡುವ ಬಿಡಿ ಕತ್ತಿಯ ಮೇಲೆ ಕೇಳಬೇಕಾದ ಹೆಸರೇ ಇರುವುದಿಲ್ಲ.

ಹಳೆಯದೆಲ್ಲ ಚಿನ್ನ ಎನ್ನುವುದು ವಯಸ್ಸಾದವರ ಚಟ, ಉಳಿದಿರುವ ಹಳೆಯ ಕತ್ತಿಗಳು ಒಳ್ಳೆಯವಾಗಿದ್ದುದರಿಂದಲೇ ಉಳಿದವು, ಕೆಟ್ಟವು ಎಂದೋ ಗುಜರಿಗೆ ಹೋದವು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಕೆಟ್ಟ ಆಚಾರಿಗಳೂ ಇದ್ದರು. ಅದಕ್ಕಾಗಿಯೇ ನೆನಪನ್ನು ಬಿಟ್ಟು ಅರವನ್ನು ನಂಬಿ ಎನ್ನುತ್ತಿರುವುದು. ಇನ್ನೊಂದು ಮಾತು, ಹೊಸ ವಸ್ತುಗಳಿಂದ ಆದ ಉಪಕಾರ ಸಣ್ಣದಲ್ಲ. ಅಡಿಕೆ ಮರ ಹತ್ತುವವರು ಸಿಗದ ಕಾಲಕ್ಕೆ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಕೊಯ್ಯುವಂತಾಯಿತು. ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವ ಭಯ ಇಲ್ಲವಾಯಿತು. ಅದನ್ನು ಕುಲುಮೆ ಕೊಡಲಾರದು. ಆದರೆ ಸೀಳಿದ ದೋಟಿಯ ತುಂಡನ್ನು ತಟ್ಟಿ ಸರಿಮಾಡಲಾಗುವುದಿಲ್ಲ, ಆದ್ದರಿಂದ ಬಿಡಿ ತುಂಡು ಸಿಗುತ್ತದೆಯೇ, ಎಷ್ಟು ದಿನದಲ್ಲಿ, ಯಾರ ಹತ್ತಿರ ಎಂಬುದನ್ನು ಕೊಳ್ಳುವ ದಿನವೇ ಬೆಲೆಗೆ ಸೇರಿಸಿಕೊಳ್ಳಬೇಕು. ಕುಲುಮೆಗೂ ಈಗ ಸ್ವಲ್ಪ ಆಸರೆಯಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ; ಹತ್ಯಾರಿಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಸಾಲ. ಗಿರಾಕಿಯನ್ನು ಮಾತ್ರ ಯಾವ ಯೋಜನೆಯೂ ಕೊಡಲಾರದು. ಕತ್ತಿ ತಟ್ಟಿಸುವ ಮಜೂರಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ನಾವು ಅದನ್ನು ಕೊಡಬೇಕು.

ನನಗೆ ನಿಜಕ್ಕೂ ಭಾರವೆನಿಸುವ ಆಕ್ಷೇಪ ಬೇರೆ. ಕೂಲಿಯವನ ಕಿಸೆಯಲ್ಲಿ ಇವತ್ತು ಇರುವುದು ಇನ್ನೂರು ರೂಪಾಯಿ. ನೂರು ದಿನದ ಲೆಕ್ಕ ಹೇಳಿದರೆ ಅವನ ಕೈಗೆ ಕತ್ತಿ ಬರುವುದಿಲ್ಲ. ಅಗ್ಗದ್ದು ಇಲ್ಲದಿದ್ದರೆ ಅವನಿಗೆ ಕೆಲಸವೇ ಇಲ್ಲ. ಇದಕ್ಕೆ ‘ಉಳಿತಾಯ ಮಾಡಿ ಒಳ್ಳೆಯದು ಕೊಳ್ಳಿ’ ಎಂಬ ಉತ್ತರ ಕ್ರೂರ. ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ನೋಡಿ: ಆ 2,300 ರೂಪಾಯಿ ಯಾರ ಕೈಯಿಂದ ಹೋಗುತ್ತಿದೆ? ದಿನಗೂಲಿಯ ಕೆಲಸದಲ್ಲಿ ಮೊಂಡು ಕತ್ತಿಯ ನಷ್ಟ ತೋಟದ ಯಜಮಾನನದು, ಗಾಯಗೊಂಡ ರಬ್ಬರ್ ಮರವೂ ಅವನದೇ. ಕತ್ತಿ ಕೊಳ್ಳುವ ಖರ್ಚು ಮಾತ್ರ ಕೂಲಿಯವನ ತಲೆಯ ಮೇಲೆ. ಲಾಭ ಒಬ್ಬನಿಗೆ, ಖರ್ಚು ಇನ್ನೊಬ್ಬನಿಗೆ ಎಂದಾದಲ್ಲಿ ಯಾವ ವಸ್ತುವೂ ಚೆನ್ನಾಗಿ ಉಳಿಯುವುದಿಲ್ಲ, ಕೊಳ್ಳುವವನು ತನಗೆ ಎಟುಕುವಷ್ಟನ್ನೇ ಕೊಳ್ಳುತ್ತಾನೆ. ಆದ್ದರಿಂದ ಕತ್ತಿಯನ್ನು ಯಜಮಾನನೇ ಕೊಡಿಸಲಿ, ಕೂಲಿಯಲ್ಲಿ ಮುರಿದುಕೊಳ್ಳುವ ಮುಂಗಡವಾಗಿ ಅಲ್ಲ, ಗೊಬ್ಬರ ತರುವ ಹಾಗೆ ತನ್ನ ಖರ್ಚಿನಲ್ಲಿ. ಯಾವ ತೂಕದ ಕತ್ತಿ, ಹಿಡಿ ಎಷ್ಟು ದಪ್ಪ, ಬಾಗು ಎಷ್ಟು ಎಂಬುದನ್ನು ದಿನವಿಡೀ ಅದನ್ನು ಬೀಸುವವನು ಆರಿಸಲಿ. ಅವನಿಗೆ ಹಿಡಿಸಿದ ಕುಲುಮೆಯಿಂದಲೇ ಬರಲಿ.