ಕಾರ್ನರ್ ಪಟ್ಟಿಗೆ ಹತ್ತಿ ಸವರಿ ನೋಡಿ

ಮನೆ ಒಪ್ಪಿಸುವ ದಿನ ಮಾಲೀಕರ ಕಣ್ಣೆಲ್ಲ ಶವರ್, ನಲ್ಲಿ, ಕನ್ನಡಿಯ ಮೇಲೆ. ನಾನು ಮೊದಲು ನೋಡುವುದು ಟೈಲ್ಸ್ ಮುಗಿಯುವ ಅಂಚನ್ನು: ಕಿಟಕಿಯ ಸುತ್ತ, ಶಾಂಪೂ ಇಡುವ ಗೂಡಿನ ಬಾಯಲ್ಲಿ, ಕಮೋಡಿನ ಹಿಂದಿನ ಕಟ್ಟೆಯ ಮೇಲೆ ಬರುವ ಕಾರ್ನರ್ ಪಟ್ಟಿ. ಬೆಂಗಳೂರಿನಲ್ಲಿ 18 ವರ್ಷ ಟೈಲ್ಸ್ ಕೆಲಸ ಮಾಡಿಸಿ ಕಲಿತದ್ದು ಇಷ್ಟು.

1. ಒಂದು ಉಂಡೆ ಹತ್ತಿ ತೆಗೆದುಕೊಂಡು ಪಟ್ಟಿಯ ಉದ್ದಕ್ಕೂ ಸವರಿ. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಗ್ರೈಂಡರಿನಲ್ಲಿ ಕತ್ತರಿಸಿದವರು ಆಮೇಲೆ ಅರ ಉಜ್ಜಿಲ್ಲ. ಬರಿಗೈ ಬೇಡ. ನಮ್ಮ ಮನೆಯ ಬಚ್ಚಲಲ್ಲೇ ಮಗನ ಸೋಪಿನ ಕೈ ಜಾರಿ ಪಟ್ಟಿಯ ತುದಿಗೆ ತಾಗಿತು, 2 ಹೊಲಿಗೆ ಬಿತ್ತು. ಮೇಸ್ತ್ರಿಯನ್ನು ಬೈಯಲು ಬಾಯಿ ಬರಲಿಲ್ಲ. ಕೆಲಸ ಚೆನ್ನಾಗಿದೆ ಎಂದು ಬೆನ್ನು ತಟ್ಟಿ ದುಡ್ಡು ಎಣಿಸಿದವನು ನಾನೇ.

2. ಹತ್ತಿಯಾದ ಮೇಲೆ ಉಗುರು. ಟೈಲಿನಿಂದ ಪಟ್ಟಿಯ ಕಡೆಗೆ ಗೀರಿ. ಪಟ್ಟಿ ಟೈಲಿಗೆ ಸಮವಾಗಿರಬೇಕು, ಕೂದಲೆಳೆಯಷ್ಟು ಎತ್ತರವಿದ್ದರೂ ನಡೆಯುತ್ತದೆ. ಟೈಲೇ ಎತ್ತರವಾದರೆ ಕೆಲಸ ಕೆಟ್ಟಿತು: ಕತ್ತರಿಸಿದ ಅಂಚು ಹೊರಗೆ ಕಂಡು, ಬಕೆಟ್ ತಾಗಿದಾಗಲೆಲ್ಲ ಚಕ್ಕೆ ಏಳುತ್ತದೆ. ಇದು ಹೆಚ್ಚಾಗಿ ಮೇಸ್ತ್ರಿಯ ಕೈ ತಪ್ಪಲ್ಲ, ಅಂಗಡಿಯಲ್ಲಾದ ತಪ್ಪು. ಟೈಲ್ 9 ಮಿ.ಮೀ. ಇದ್ದರೆ ಪಟ್ಟಿ 10 ಮಿ.ಮೀ. ಬೇಕು. ಅಂಗಡಿಯವರು ಇರುವುದು 8 ಎಂದರೆ ಕೊಳ್ಳಲು ಹೋದವರು ಅದನ್ನೇ ತಂದಿರುತ್ತಾರೆ. ಟೈಲಿನ ಒಂದು ತುಂಡನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ.

3. ಪಟ್ಟಿಗೊಂದು ತೂತು ತೂತಿನ ಕಾಲಿರುತ್ತದೆ. ಅದು ಟೈಲಿನ ಅಡಿಗೆ ಹೋಗಿ, ತೂತುಗಳಲ್ಲಿ ಅಂಟು ತುಂಬಿ ಹಿಡಿಯಬೇಕು. ಟೈಲ್ ಹಾಕುವಾಗ ಪಟ್ಟಿ ಕೂರಿಸಲು ಮರೆತವರು ಕಾಲನ್ನು ಕತ್ತರಿಸಿ ಮೇಲಿಂದ ಸಿಲಿಕೋನಿನಲ್ಲಿ ಅಂಟಿಸುತ್ತಾರೆ. ಹೆಬ್ಬೆರಳಲ್ಲಿ ಒತ್ತಿ, ಸ್ವಲ್ಪ ಕುಣಿದರೂ ಒಪ್ಪಬೇಡಿ. ನಾಣ್ಯದಲ್ಲಿ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅಂಟು ತುಂಬಿಲ್ಲ.

4. ಕೈಚಳಕವೆಲ್ಲ ಗೂಡಿನ ನಾಲ್ಕು ಮೂಲೆಗಳಲ್ಲಿ ಬಯಲಾಗುತ್ತದೆ. ಎರಡೂ ಪಟ್ಟಿ 45 ಡಿಗ್ರಿಗೆ ಕತ್ತರಿಸಿ ಕೂಡಿರಬೇಕು, ಸಂದಿಯಲ್ಲಿ ವಿಸಿಟಿಂಗ್ ಕಾರ್ಡ್ ತೂರಬಾರದು. ಮೂಲೆಯಲ್ಲಿ ಬಿಳಿ ಸಿಮೆಂಟು ಮೆತ್ತಿದ್ದರೆ ಅದರಡಿ ತಪ್ಪೊಂದು ಅವಿತಿದೆ. ಉದ್ದದ ನಡುವೆ ಜೋಡಣೆ ಬೇಡವೇ ಬೇಡ. ಬೇಕೇ ಬೇಕಾದರೆ ಕಣ್ಣಿಗಿಂತ ಎತ್ತರದಲ್ಲಿ ಬರಲಿ.

5. ಪಿವಿಸಿ ಅಗ್ಗ, ಹಳದಿಗಟ್ಟುತ್ತದೆ. ಅಲ್ಯೂಮಿನಿಯಂ ನಡೆಯುತ್ತದೆ. ಶವರಿನ ಪಕ್ಕ ನಾನು 304 ಸ್ಟೀಲ್ ಹಾಕಿಸುತ್ತೇನೆ. ಪಟ್ಟಿಯೇ ಬೇಡ, ಟೈಲಿನ ಅಂಚನ್ನೇ 45ಕ್ಕೆ ಉಜ್ಜಿ ಕೂಡಿಸಿ ಎನ್ನುವವರೂ ಇದ್ದಾರೆ. ನೋಡಲು ಚೆಂದ ನಿಜ, ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ.

6. ಒಳ್ಳೆಯ ಪಟ್ಟಿಯನ್ನೂ ಕೊನೆಯ ದಿನ ಹಾಳು ಮಾಡುವುದು ಆ್ಯಸಿಡ್. ಸಿಮೆಂಟಿನ ಕಲೆ ತೆಗೆಯುತ್ತೇವೆಂದು ಕ್ಲೀನಿಂಗಿನವರು ಸುರಿಯುತ್ತಾರೆ. ಅಲ್ಯೂಮಿನಿಯಂ ಮಚ್ಚೆ ಮಚ್ಚೆಯಾಗುತ್ತದೆ, ಸ್ಟೀಲಿಗೂ ಕೇಡು. ಮಚ್ಚೆ ಬಿದ್ದ ಪಟ್ಟಿಯನ್ನು ಎಷ್ಟು ಉಜ್ಜಿದರೂ ಮೊದಲಿನ ಹೊಳಪು ಬರುವುದಿಲ್ಲ. ಸಿಮೆಂಟನ್ನು ಹಸಿ ಇರುವಾಗಲೇ ಒದ್ದೆ ಸ್ಪಂಜಿನಲ್ಲಿ ಒರೆಸಿದರೆ ಸಾಕಿತ್ತು.

7. ಆ್ಯಸಿಡ್ ವಿಷಯ ಬಿಟ್ಟು ಉಳಿದದ್ದನ್ನೆಲ್ಲ, ಮನೆ ಒಪ್ಪಿಸುವ ದಿನಕ್ಕೆ ಬಿಡದೆ, ಗ್ರೌಟ್ ತುಂಬುವ ಮೊದಲೇ ನೋಡಿ. ಆಮೇಲೆ ಪಟ್ಟಿ ಬದಲಿಸಬೇಕೆಂದರೆ ಅಂಚಿನ ಸಾಲಿನ ಟೈಲ್ಸನ್ನೇ ಕೀಳಬೇಕು, ಮತ್ತೆ ತರುವ ಬಾಕ್ಸಿನ ಬಣ್ಣ ಗೋಡೆಯದಕ್ಕೆ ಹೊಂದುವುದು ಅಪರೂಪ.